ನಮ್ಮ ತಟ್ಟೆಗೂ ಅಳತೆ ಬೇಕು

ಬೆಂಗಳೂರಿನ ಮಹದೇವಪುರದ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿ, ಹೂಡಿಯ ಆಸುಪಾಸಿನಲ್ಲಿ, ಆಹಾರ ಪರೀಕ್ಷೆಯ ಪ್ರಯೋಗಾಲಯಗಳಿವೆ. ಯುರೋಪಿನ ದೊಡ್ಡ ಪರೀಕ್ಷಾ ಸಂಸ್ಥೆ ಯುರೋಫಿನ್ಸ್‌ನ ಲ್ಯಾಬು ಅಲ್ಲೇ ಇದೆ. ಇಂದಿನ ಇಂಥ ಲ್ಯಾಬುಗಳ ಯಂತ್ರಗಳು ಒಂದು ಕೆ.ಜಿ. ಆಹಾರದಲ್ಲಿ ಒಂದು ಮೈಕ್ರೋಗ್ರಾಂನಷ್ಟು ಕೀಟನಾಶಕ ಉಳಿದಿದ್ದರೂ ಕಂಡುಹಿಡಿಯುತ್ತವೆ. ಹತ್ತತ್ತು ಟನ್ ಹೊತ್ತ ನೂರು ಲಾರಿ ಅಕ್ಕಿಗೆ ಒಂದೇ ಗ್ರಾಂ ವಿಷ ಬೆರೆತಿದ್ದರೂ ಅದು ಬೆರೆತಿದೆಯೆಂದು, ಎಷ್ಟು ಬೆರೆತಿದೆಯೆಂದು ಹೇಳುವ ಸಾಮರ್ಥ್ಯ ಅದು. ಆ ಸಾಮರ್ಥ್ಯ ಬೇರೆಲ್ಲೋ ಇಲ್ಲ, ನಾವು ದಿನಾ ಓಡಾಡುವ ರಸ್ತೆಯ ಪಕ್ಕದಲ್ಲಿದೆ.

ಅಲ್ಲಿಂದ ಗರುಡಾಚಾರ್ ಪಾಳ್ಯ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ ಕಡೆಗೆ ಯಾವ ಗಲ್ಲಿಗೆ ಕಾಲಿಟ್ಟರೂ ಪಿ.ಜಿ.ಗಳ ಸಾಲು. ಬೀದರ್, ರಾಯಚೂರು, ಒಡಿಶಾ, ಅಸ್ಸಾಂ ಎಲ್ಲೆಲ್ಲಿಂದಲೋ ದುಡಿಯಲು ಬಂದ ಮಕ್ಕಳು ಅಲ್ಲಿ ಉಣ್ಣುತ್ತಾರೆ. ಆ ಸಾರಿನ ನೀರು ಯಾವ ಬೋರ್‌ವೆಲ್ಲಿನದು? ಆ ಎಣ್ಣೆ ಎಷ್ಟನೇ ಸಲ ಕಾದದ್ದು? ಆ ಪಾಲಕ್ ಯಾವ ಕಾಲುವೆಯ ನೀರಿನಲ್ಲಿ ಬೆಳೆದದ್ದು? ಕೇಳಿದರೆ ಊಹೆಯ ಉತ್ತರ ಸಿಗುತ್ತದೆ, ಅಳತೆಯ ಉತ್ತರ ಸಿಗುವುದಿಲ್ಲ. ಯಂತ್ರ ಇರುವ ಊರಿನಲ್ಲಿ, ಯಂತ್ರ ನಡೆಸಬಲ್ಲ ವಿದ್ಯಾವಂತರು ಇರುವ ಊರಿನಲ್ಲಿ, ಉಣ್ಣುವವನ ತಟ್ಟೆ ಮಾತ್ರ ಅಳತೆಯಿಂದ ಹೊರಗೇ ಉಳಿದಿದೆ. ಇದು ಬಡತನದಿಂದ ಆದದ್ದಲ್ಲ. ಯಾರೂ ಗಟ್ಟಿಯಾಗಿ ಕೇಳದೆ ಇದ್ದುದರಿಂದ ಆದದ್ದು.

ಕೇಳಿದವರಿಗೆ ಅಳತೆ ಸಿಗುತ್ತದೆ ಎಂಬುದಕ್ಕೆ ನಮ್ಮ ಹೊಲಗಳಲ್ಲೇ ಸಾಕ್ಷಿಯಿದೆ. 1990ರ ದಶಕದಿಂದ ಕರ್ನಾಟಕದ ರೈತರು ಕಂಪನಿಗಳ ಒಪ್ಪಂದದ ಮೇಲೆ ಮಿಡಿ ಸೌತೆ ಬೆಳೆಯುತ್ತಿದ್ದಾರೆ. ಅದು ನಮ್ಮ ಊಟದ ಕಾಯಿಯಲ್ಲ. ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ಕೂತು ಹೆಚ್ಚುಕಡಿಮೆ ಅಷ್ಟೂ ಹಡಗು ಹತ್ತುತ್ತದೆ. ಅಲ್ಲಿನ ಖರೀದಿದಾರ ಕೇಳುತ್ತಾನೆ, ಆದ್ದರಿಂದ ಯಾವ ಔಷಧಿಯನ್ನು ಯಾವತ್ತು ಹೊಡೆದದ್ದು ಎಂಬ ಲೆಕ್ಕ ಇಡಲಾಗುತ್ತದೆ, ಸರಕು ಲ್ಯಾಬಿಗೆ ಹೋಗುತ್ತದೆ, ಉಳಿಕೆ ಮಿತಿ ಮೀರಿದರೆ ಕಂಟೇನರು ವಾಪಸಾಗುತ್ತದೆ. ಪಕ್ಕದ ಹೊಲದ ಟೊಮೆಟೊ, ಹುರುಳಿಕಾಯಿ, ಕೊತ್ತಂಬರಿ ಮಾತ್ರ ಕೋಲಾರದ ದಾರಿಯಿಂದ ಕೆ.ಆರ್. ಪುರದ ಸಂತೆಗೆ ಯಾವ ಪ್ರಶ್ನೆಯೂ ಇಲ್ಲದೆ ಬಂದು ಇಳಿಯುತ್ತದೆ. ಒಂದೇ ಮಣ್ಣು, ಒಂದೇ ರೈತ, ಒಂದೇ ಸ್ಪ್ರೇಯರ್. ಕಡಲಾಚೆಯ ಮಗುವಿನ ಬಾಯಿಗೆ ಹೋಗುವ ಕಾಯಿಗೆ ಒಂದು ನ್ಯಾಯ, ನಮ್ಮ ಮಗುವಿನ ಬಾಯಿಗೆ ಹೋಗುವ ಕಾಯಿಗೆ ಇನ್ನೊಂದು. ಇದನ್ನು ಸಹಜವೆಂದು ಒಪ್ಪಿಕೊಂಡು ಕೂತಿರುವುದೇ ನಮ್ಮ ಮೊದಲ ತಪ್ಪು.

ಕಣ್ಣು, ಮೂಗು, ನಾಲಗೆ ಸಾಕು, ನಮ್ಮ ಹಿರಿಯರು ಯಾವ ಲ್ಯಾಬಿಗೆ ಹೋಗಿದ್ದರು ಎಂದು ಕೇಳುವವರಿದ್ದಾರೆ. ಅವರಿಗೆ ಹಾಲಿನ ಕಥೆ ಹೇಳಬೇಕು. ಹಾಲಿನಲ್ಲಿ ಯೂರಿಯಾ ಇದೆ, ಡಿಟರ್ಜೆಂಟ್ ಇದೆ ಎಂಬ ಭಯ ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. 2018ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿತು. ಕಲಬೆರಕೆಯಿಂದ ಅಪಾಯಕಾರಿಯಾಗಿದ್ದವು 12. ಆದರೆ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಮಿತಿ ಮೀರಿತ್ತು. ಬೂಷ್ಟು ಹಿಡಿದ ಮೇವಿನಿಂದ, ಕಡಲೆಕಾಯಿ ಹಿಂಡಿಯಿಂದ, ಮುಸುಕಿನ ಜೋಳದಿಂದ ಹಸುವಿನ ಹೊಟ್ಟೆಗೆ ಹೋಗಿ ಹಾಲಿಗೆ ಇಳಿಯುವ ವಿಷ ಅದು. ಬಣ್ಣವಿಲ್ಲ, ವಾಸನೆಯಿಲ್ಲ, ಹಾಲು ಉಕ್ಕಿಸಿದರೆ ಹೋಗುವುದೂ ಇಲ್ಲ. ನಾವು ಹೆದರುತ್ತಿದ್ದದ್ದು ಒಂದಕ್ಕೆ, ಹೆದರಬೇಕಾಗಿದ್ದದ್ದು ಇನ್ನೊಂದಕ್ಕೆ. ಹಾಗೆಯೇ ಆ ಸಮೀಕ್ಷೆ ಹೇಳಿದ ಮತ್ತೊಂದು ಮಾತನ್ನೂ ಮರೆಯಬಾರದು: ನೂರಕ್ಕೆ ತೊಂಬತ್ತಮೂರು ಮಾದರಿಗಳು ಕುಡಿಯಲು ಸುರಕ್ಷಿತವಾಗಿದ್ದವು. ಅಳತೆ ಎಂದರೆ ತಪ್ಪಿತಸ್ಥನನ್ನು ಹಿಡಿಯುವ ಬಲೆಯೆಂದಷ್ಟೇ ತಿಳಿದವರು ಇದನ್ನು ಗಮನಿಸಬೇಕು. ಪ್ರಾಮಾಣಿಕವಾಗಿ ಹಾಲು ಹಾಕುವ ಸಾವಿರಾರು ಮನೆಗಳ ಮೇಲಿದ್ದ ಸುಳ್ಳು ಅನುಮಾನವನ್ನು ತೊಳೆದದ್ದೂ ಅದೇ ಅಳತೆ.

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬೆರೆಸುವುದನ್ನೂ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಆ ದಿನದ ಮಾತಿಗೆ ತೂಕ ಬಂದದ್ದು ಲ್ಯಾಬಿನಿಂದ. ರಾಜ್ಯದಲ್ಲಿ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25ರಲ್ಲಿ 15. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಮಗುವಿನ ತುಟಿ ಗುಲಾಬಿಯಾಗಲೆಂದು ಅದನ್ನು ಸಕ್ಕರೆಗೆ ಬೆರೆಸುತ್ತಿದ್ದರು. ಆಮೇಲೆ ಕಬಾಬ್ ಬಂತು, ಪಾನಿಪುರಿ ಬಂತು, ಕೇಕ್ ಬಂತು. 2025ರಲ್ಲಿ ಬಾಟಲಿ ನೀರಿನ ಸರದಿ. ಪರೀಕ್ಷಿಸಿದ 255 ಮಾದರಿಗಳಲ್ಲಿ ಸುರಕ್ಷಿತವೆಂದು ಬಂದದ್ದು 72, ಅಸುರಕ್ಷಿತ 95, ಕಳಪೆ 88. ಸೀಲ್ ಒಡೆದು ಕುಡಿದರೆ ನಿಶ್ಚಿಂತೆ ಎಂದು ನಂಬಿದ್ದ ನೀರಿನ ಗತಿ ಇದು.

ಆದರೆ ಈ ಅಂಕಿಗಳನ್ನು ಹಿಡಿದು ನಾವು ಯಾರ ಮೇಲೆ ಮುಗಿಬಿದ್ದೆವು? ಹೂಡಿ ಸರ್ಕಲ್ಲಿನಲ್ಲೋ ಕುಂದಲಹಳ್ಳಿ ಗೇಟಿನಲ್ಲೋ ಸಂಜೆ ಗಾಡಿ ನಿಲ್ಲಿಸಿ ಬಾಣಲೆ ಇಡುವವನ ಮೇಲೆ. ಅವನು ಆ ಬಣ್ಣವನ್ನು ಬೇಯಿಸಿ ಮಾಡಲಿಲ್ಲ. ಅದೊಂದು ಪುಟ್ಟ ಪ್ಯಾಕೆಟ್, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಅಂಗಡಿಗೆ ಹೋಲ್‌ಸೇಲಿನವನು ಕೊಡುತ್ತಾನೆ, ಅವನ ಹಿಂದೆ ತಯಾರಕ ಇದ್ದಾನೆ. ಗಾಡಿಯ ಗೋಬಿಯಲ್ಲಿ ಸಿಕ್ಕ ಬಣ್ಣವನ್ನು ಪ್ಯಾಕೆಟ್ಟಿನ ಬಣ್ಣದ ಜೊತೆ ತಾಳೆ ನೋಡಿ, ಪ್ಯಾಕೆಟ್ಟಿನಿಂದ ಗೋದಾಮಿಗೆ, ಗೋದಾಮಿನಿಂದ ಕಾರ್ಖಾನೆಗೆ ಹೋಗುವ ದಾರಿಯನ್ನು ಲ್ಯಾಬು ತೋರಿಸಬಲ್ಲದು. ಆ ದಾರಿಯಲ್ಲಿ ಕೊನೆಯವರೆಗೂ ನಡೆಯುವ ಧೈರ್ಯವನ್ನು ಅಧಿಕಾರಿಗಳು ತೋರಬೇಕು. ಗಾಡಿಯವರಿಗೂ ನನ್ನ ಮಾತಿದೆ. ನಿಮ್ಮ ಗೋಬಿ ಕೆಂಪಾಗಿರಬೇಕೆಂದು ಗಿರಾಕಿ ಬಯಸಿದರೆ ಬ್ಯಾಡಗಿ ಮೆಣಸಿನಕಾಯಿ ಇದೆ. ಅದು ದುಬಾರಿ, ನಿಜ. ಆದರೆ ನಿಮ್ಮ ಗಾಡಿಯ ಮುಂದೆ ನಿಂತಿರುವುದು ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಗು.

ಈಗ ಸೊಪ್ಪಿನ ವಿಷಯಕ್ಕೆ ಬರುತ್ತೇನೆ. ನಮ್ಮ ಭಾಗಕ್ಕೆ ಇದಕ್ಕಿಂತ ಹತ್ತಿರದ ನೋವಿಲ್ಲ. ಬೆಳ್ಳಂದೂರು ಕೆರೆ, ಅದರ ನೀರು ಇಳಿಯುವ ವರ್ತೂರು ಕೆರೆ. ನಗರದ ಕೊಳಚೆ ದಶಕಗಳ ಕಾಲ ಅವುಗಳಿಗೆ ಹರಿಯಿತು. 2015ರಲ್ಲಿ ನೊರೆಗೆ ಬೆಂಕಿ ಹತ್ತಿಕೊಂಡಾಗ ದೇಶವೆಲ್ಲ ತಿರುಗಿ ನೋಡಿತು. ಆದರೆ ಅದಕ್ಕೂ ಒಂಬತ್ತು ವರ್ಷ ಮೊದಲು, 2006ರಲ್ಲೇ, ಬೆಂಗಳೂರು ವಿಶ್ವವಿದ್ಯಾಲಯದ ಎಚ್. ಲೋಕೇಶ್ವರಿ ಮತ್ತು ಜಿ.ಟಿ. ಚಂದ್ರಪ್ಪ ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಮಣ್ಣನ್ನೂ ಅದರಲ್ಲಿ ಬೆಳೆದ ಬೆಳೆಯನ್ನೂ ಲ್ಯಾಬಿಗೆ ಒಯ್ದು, ಅವುಗಳಲ್ಲಿ ಸೇರಿಕೊಂಡ ಭಾರಲೋಹಗಳನ್ನು ಅಳೆದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಬೆಂಕಿ ಕಾಣುವ ಮೊದಲೇ ಅಳತೆ ಹೇಳಿತ್ತು. ಓದಬೇಕಾದವರು ಓದಲಿಲ್ಲ.

2023ರಲ್ಲಿ ರಾಜ್ಯ ಸರ್ಕಾರದ್ದೇ ಪರಿಸರ ಸಂಶೋಧನಾ ಸಂಸ್ಥೆಯಾದ ಎಂಪ್ರಿ ನಗರದ 20 ಅಂಗಡಿಗಳಿಂದ 10 ಬಗೆಯ ತರಕಾರಿಗಳ 400 ಮಾದರಿ ತೆಗೆದು ಪರೀಕ್ಷಿಸಿತು. ಸೂಪರ್ ಮಾರ್ಕೆಟ್ಟು, ಬೀದಿ ಮಾರುಕಟ್ಟೆ, ಸಾವಯವ ಅಂಗಡಿ, ಹಾಪ್‌ಕಾಮ್ಸ್ ಯಾವುದನ್ನೂ ಬಿಡಲಿಲ್ಲ. ಕಾಡ್ಮಿಯಂ, ಸೀಸ, ನಿಕ್ಕಲ್, ಕಬ್ಬಿಣ ಮಿತಿಗಿಂತ ಬಹಳ ಹೆಚ್ಚಿವೆ ಎಂಬ ವರದಿ ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಸರಿ. ಆದರೆ ಕೆ.ಆರ್. ಪುರದ ಸಂತೆಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ನಿಂತ ಹೆಂಗಸಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಈ ಕಟ್ಟನ್ನು ಮನೆಗೆ ಒಯ್ಯಲೇ, ಬೇಡವೇ? ಒಮ್ಮೆ ಅಳೆದು, ಎರಡು ದಿನ ಸುದ್ದಿಯಾಗಿ, ಕಡತ ಸೇರುವ ಅಳತೆಯಿಂದ ಅವಳಿಗೆ ಭಯ ಸಿಗುತ್ತದೆ, ದಾರಿ ಸಿಗುವುದಿಲ್ಲ. ಸೀಸ ಮಗುವಿನ ಮಿದುಳಿಗೆ ಮಾಡುವ ಹಾನಿ ವಾಪಸ್ ಬರುವಂಥದ್ದಲ್ಲ. ಕಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ಕೂರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಅದೇ ಸಂತೆಗಳಿಂದ ಅದೇ ಸೊಪ್ಪುಗಳ ಮಾದರಿ ತೆಗೆಯಬೇಕು. ಎಲ್ಲಿಂದ ಬಂದದ್ದು ಎಂದು ಬರೆದುಕೊಳ್ಳಬೇಕು. ಫಲಿತಾಂಶವನ್ನು ಸಂತೆಯ ಬಾಗಿಲಲ್ಲೇ ಕನ್ನಡದಲ್ಲಿ ಹಾಕಬೇಕು. ಮಿತಿ ಮೀರಿದ್ದರೆ ಆ ರೈತನನ್ನು ಅಪರಾಧಿಯಂತೆ ನಿಲ್ಲಿಸದೆ, ಅವನ ಕಾಲುವೆಗೆ ವಿಷ ಬಿಟ್ಟವರನ್ನು ಹುಡುಕಬೇಕು. ಕೊಳಚೆ ನೀರನ್ನು ರೈತ ಬಯಸಿ ತರಿಸಿಕೊಂಡಿಲ್ಲ, ನಗರ ಅವನ ಹೊಲಕ್ಕೆ ಕಳಿಸಿದೆ.

ಅಳೆಯಿರಿ ಎಂದು ಹೇಳುವವರು ಹೇಗೆ ಅಳೆಯಬೇಕೆಂಬುದನ್ನೂ ಹೇಳಬೇಕು. ಕೆಟ್ಟ ಅಳತೆ ಅಳತೆಯಿಲ್ಲದ್ದಕ್ಕಿಂತ ಅಪಾಯಕಾರಿ. 2015ರ ಮ್ಯಾಗಿ ಪ್ರಕರಣ ನೋಡಿ. ಕೋಲ್ಕತ್ತದ ಲ್ಯಾಬು ಮಿತಿ 2.5 ಪಿಪಿಎಂ ಇದ್ದಲ್ಲಿ 17.2 ಪಿಪಿಎಂ ಸೀಸ ಇದೆಯೆಂದಿತು. ಜೂನ್‌ನಲ್ಲಿ ದೇಶಾದ್ಯಂತ ನಿಷೇಧ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿತು. ಕಂಪನಿಯ ಮಾತು ಕೇಳಿಲ್ಲ, ಪರೀಕ್ಷಿಸಿದ ಲ್ಯಾಬುಗಳಿಗೆ ಬೇಕಾದ ಮಾನ್ಯತೆ ಇಲ್ಲ ಎಂಬುದು ಕಾರಣ. ಮಾನ್ಯತೆ ಪಡೆದ ಮೂರು ಲ್ಯಾಬುಗಳಲ್ಲಿ ಮತ್ತೆ ಪರೀಕ್ಷೆಯಾದಾಗ ಸೀಸ ಮಿತಿಯೊಳಗಿತ್ತು. ಸುಪ್ರೀಂ ಕೋರ್ಟ್ ಹೇಳಿದಂತೆ ನಮ್ಮ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪರೀಕ್ಷಿಸಿದಾಗಲೂ ಮಿತಿಯೊಳಗೇ ಇತ್ತು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಆ ಸಂಸ್ಥೆಯ ಮಾತಿಗೆ ದೇಶದ ಅತ್ಯುನ್ನತ ನ್ಯಾಯಾಲಯ ಕಾದು ಕೂತಿತು ಎಂಬುದು ಕನ್ನಡಿಗರಿಗೆ ಹೆಮ್ಮೆ ಕೊಡಬೇಕು. ಅದಕ್ಕಿಂತ ಮುಖ್ಯವಾದ ಪಾಠ ಬೇರೆ. ಮಾನ್ಯತೆಯಿಲ್ಲದ ಲ್ಯಾಬಿನ ವರದಿ ಕೋರ್ಟಿನ ಮೆಟ್ಟಿಲಲ್ಲೇ ಬಿದ್ದುಹೋಗುತ್ತದೆ. ತಪ್ಪು ಮಾಡದವನು ಬೀದಿಗೆ ಬೀಳುತ್ತಾನೆ, ತಪ್ಪು ಮಾಡಿದವನು ಪಾರಾಗುತ್ತಾನೆ.

ಚೀನಾದಲ್ಲಿ 2008ರಲ್ಲಿ ಆದದ್ದು ಇನ್ನೂ ಭಯಂಕರ. ಅಲ್ಲಿ ಹಾಲಿನ ಪ್ರೊಟೀನ್ ಎಷ್ಟಿದೆಯೆಂದು ನೋಡಲು ನೈಟ್ರೋಜನ್ ಎಷ್ಟಿದೆಯೆಂದು ಅಳೆಯುತ್ತಿದ್ದರು. ಇದನ್ನು ತಿಳಿದವರು ಹಾಲಿಗೆ ನೀರು ಬೆರೆಸಿ, ನೈಟ್ರೋಜನ್ ತುಂಬಿದ ಮೆಲಮೈನ್ ಪುಡಿ ಹಾಕಿದರು. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಆರು ಹಸುಗೂಸುಗಳು ಸತ್ತವು, ಸುಮಾರು 3 ಲಕ್ಷ ಮಕ್ಕಳ ಆರೋಗ್ಯ ಕೆಟ್ಟಿತು. ಅಳತೆಯ ಒಳಗೇ ಇದ್ದ ಒಂದು ಬಿರುಕನ್ನು ದುರಾಸೆ ಕಂಡುಕೊಂಡಿತ್ತು. ಆದ್ದರಿಂದಲೇ ಲ್ಯಾಬಿನಲ್ಲಿ ಕೆಲಸ ಮಾಡುವವರು ಯಂತ್ರ ಕೊಟ್ಟ ಸಂಖ್ಯೆಯನ್ನು ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಖಾಲಿ ಮಾದರಿ ಓಡಿಸಬೇಕು, ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಪ್ರಮಾಣಿತ ಮಾದರಿಯ ಜೊತೆ ತಾಳೆ ನೋಡಬೇಕು, ಗೊತ್ತಿರುವಷ್ಟು ವಿಷ ಬೆರೆಸಿ ಅಷ್ಟೂ ವಾಪಸ್ ಸಿಗುತ್ತದೆಯೇ ನೋಡಬೇಕು. ಉತ್ತರ ನಂಬಲಾಗದಷ್ಟು ದೊಡ್ಡದಾಗಿ ಬಂದರೆ ಪತ್ರಿಕೆಗೆ ಹೋಗುವ ಮೊದಲು ಮತ್ತೊಂದು ಲ್ಯಾಬಿಗೆ ಹೋಗಬೇಕು.

ದುಡ್ಡು ಕೊಟ್ಟವನ ಕಡೆಗೆ ಅಳತೆ ಬಾಗಬಾರದು ಎಂಬುದನ್ನು ನಮಗೆ ಕಲಿಸಿದ ಊರು ಕಾಸರಗೋಡಿನ ಪಡ್ರೆ. ಅಲ್ಲಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ವಾಣಿನಗರದಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲವೆಂದು ಕಂಡು ಬರೆದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಅಧಿಕಾರದಲ್ಲಿದ್ದವರು ನಂಬಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಲ್ಯಾಬು ಆ ಊರಿನ ನೀರು, ಹಾಲು, ಜನರ ರಕ್ತವನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇದೆಯೆಂದಿತು. ಆ ಗೇರುತೋಟಗಳನ್ನು ನಡೆಸುತ್ತಿದ್ದ, ವಿಷ ಸಿಂಪಡಿಸಿದ ನಿಗಮ ಮಾಡಿಸಿದ ಪರೀಕ್ಷೆ ಅದನ್ನು ಅಲ್ಲಗಳೆಯಿತು. ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಹಳ್ಳಿಯ ಜನರ ಮಾತು ನಿಜವೆಂದು ತೋರಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಮೇಲೆ ನಿಷೇಧ ಹೇರಿತು. ಮಹದೇವಪುರದ ಲ್ಯಾಬುಗಳಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತ ಯುವಕ ಯುವತಿಯರೇ, ನಿಮ್ಮ ಸಹಿಯ ಬೆಲೆ ಇಷ್ಟಿದೆ. ಗ್ರಾಹಕ ಕಂಪನಿಗೆ ಬೇಸರವಾಗುತ್ತದೆಂದು, ಮ್ಯಾನೇಜರ್ ಮುಖ ಸಿಂಡರಿಸುತ್ತಾರೆಂದು, ಒಂದು ದಶಮಾಂಶವನ್ನೂ ಕದಲಿಸಬೇಡಿ. ಮಿತಿ ಮೀರಿದ್ದರೆ ಮೀರಿದೆಯೆಂದೇ ಬರೆಯಿರಿ.

ಲ್ಯಾಬಿನ ವರದಿ ಬರಲು ದಿನಗಳು ಬೇಕು. ಸಾಲ್ಮೊನೆಲ್ಲಾ ಇದೆಯೋ ಇಲ್ಲವೋ ಎಂದು ಬೆಳೆಸಿ ನೋಡಿ ಖಚಿತಪಡಿಸುವ ಹೊತ್ತಿಗೆ ಆ ಊಟ ಉಂಡವರು ಆಸ್ಪತ್ರೆಗೆ ಹೋಗಿ ಮನೆಗೆ ಬಂದಿರುತ್ತಾರೆ. ಹಾಗಾಗಿ ಅಳತೆ ಅಡುಗೆಮನೆಯಿಂದಲೇ ಶುರುವಾಗಬೇಕು. ಪಿ.ಜಿ. ಮಾಲೀಕರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದು ನಮ್ಮ ಮನೆಗಳಲ್ಲೂ ಇದ್ದದ್ದೇ. ಆದರೆ ನೂರಿನ್ನೂರು ಜನಕ್ಕೆ ಬೇಯಿಸಿದ ದೊಡ್ಡ ಡಬರಿಯ ಅನ್ನ ರಾತ್ರಿಯಿಡೀ ಬೆಚ್ಚಗೇ ಇರುತ್ತದೆ. ಬೇಯಿಸಿದಾಗಲೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಆ ಬಿಸಿಯಲ್ಲಿ ಮೊಳೆತು ವಿಷ ಉಗುಳುತ್ತವೆ. ಬೆಳಿಗ್ಗೆ ಎಷ್ಟು ಜೋರಾಗಿ ಒಗ್ಗರಣೆ ಕೊಟ್ಟರೂ ವಾಂತಿ ಮಾಡಿಸುವ ಆ ವಿಷ ಹೋಗುವುದಿಲ್ಲ. ಬಿಸಿ ಊಟ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ: ನಿಯಮ ಇಷ್ಟೇ. ಅದನ್ನು ಪಾಲಿಸಲು ಅಡುಗೆಮನೆಯಲ್ಲಿ ಒಂದು ಥರ್ಮಾಮೀಟರ್ ಇರಬೇಕು, ಅದನ್ನು ಅಡುಗೆಯವರಿಗೆ ತೋರಿಸಿಕೊಡುವ ತಾಳ್ಮೆ ನಿಮಗಿರಬೇಕು.

ಎಣ್ಣೆಯ ವಿಷಯವೂ ಹಾಗೆಯೇ. ಕಾಯಿಸಿ ಕಾಯಿಸಿ ಕೆಟ್ಟ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ನೂರಕ್ಕೆ 25 ಮೀರಿದರೆ ಅದನ್ನು ಬಳಸುವಂತಿಲ್ಲ. 2018ರ ಜುಲೈನಿಂದ ಜಾರಿಯಲ್ಲಿರುವ ನಿಯಮವಿದು, ಎಣ್ಣೆಗೆ ಅದ್ದಿ ನೋಡುವ ಮೀಟರುಗಳೂ ಇವೆ. ನಮ್ಮ ಕಡೆ ಎಷ್ಟೋ ಅಡುಗೆಮನೆಗಳು ಟ್ಯಾಂಕರ್ ನೀರಿನ ಮೇಲೆ ನಡೆಯುತ್ತವೆ. ಟ್ಯಾಂಕರ್ ಬಂದಾಗ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ನೋಡಲು ಒಂದು ಸಣ್ಣ ಕಿಟ್ ಸಾಕು, ಲೀಟರಿಗೆ 0.2 ಮಿಲಿಗ್ರಾಂ ಇರಬೇಕು. ನೂರು ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೋಲಿ ಕೂಡ ಇರಕೂಡದು, ಅದನ್ನು ಲ್ಯಾಬಿನಲ್ಲೇ ನೋಡಿಸಬೇಕು. 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಹೊರಡಿಸಿದ ಮಾರ್ಗಸೂಚಿಯಂತೆ ಪಿ.ಜಿ. ಅಡುಗೆಮನೆಗೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕೇ ಬೇಕು. ಪರವಾನಗಿಯ ಕಾಗದಕ್ಕೆ ಫ್ರೇಮ್ ಹಾಕಿಸಿ ತೂಗುಹಾಕಿದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಇನ್ನೂ ಒಂದು ಕೆಲಸ ಮಾಡಿ. ಪ್ರತಿ ಹೊತ್ತಿನ ಪ್ರತಿ ಅಡುಗೆಯಲ್ಲೂ ಒಂದು ಲೋಟದಷ್ಟನ್ನು ಮುಚ್ಚಿ, ದಿನಾಂಕ ಬರೆದು, ಎರಡು ದಿನ ಫ್ರಿಜ್ಜಿನಲ್ಲಿಡಿ. ದೊಡ್ಡ ಅಡುಗೆಮನೆಗಳಲ್ಲಿ ಈ ರೂಢಿಯಿದೆ. ಹತ್ತು ಜನಕ್ಕೆ ವಾಂತಿಭೇದಿಯಾದ ದಿನ ಪಾತ್ರೆ ತೊಳೆದಾಗಿರುತ್ತದೆ, ಅಳೆಯಲು ಏನೂ ಉಳಿದಿರುವುದಿಲ್ಲ. ನೀವು ತಪ್ಪು ಮಾಡಿಲ್ಲವಾದರೆ ನಿಮ್ಮನ್ನು ಕಾಯುವುದು ಆ ಒಂದು ಲೋಟ.

ಐಟಿಪಿಎಲ್‌ನಿಂದ ಹೊರವರ್ತುಲ ರಸ್ತೆಯವರೆಗೆ ದೊಡ್ಡ ದೊಡ್ಡ ಕಂಪನಿಗಳಿವೆ. ತಮ್ಮ ಸಾಫ್ಟ್‌ವೇರಿನ ಒಂದೊಂದು ಸಾಲನ್ನೂ ಹತ್ತು ಸಲ ಪರೀಕ್ಷಿಸುವ ಈ ಕಂಪನಿಗಳು, ತಮ್ಮ ಕ್ಯಾಂಟೀನಿನ ಸಾಂಬಾರನ್ನು ವರ್ಷಕ್ಕೆ ಎಷ್ಟು ಸಲ ಪರೀಕ್ಷಿಸಿದೆವು, ಏನು ಬಂತು ಎಂದು ತಮ್ಮ ಉದ್ಯೋಗಿಗಳಿಗೆ ತಿಳಿಸಲಿ. ಕಾವಲುಗಾರರಿಗೆ, ಗುಡಿಸುವವರಿಗೆ ಬರುವ ಊಟವೂ ಆ ಲೆಕ್ಕದಲ್ಲಿರಲಿ.

ಇನ್ನು ಸರ್ಕಾರ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದು, ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಮಾದರಿ ಕೈಸೇರಿದ 14 ದಿನಗಳೊಳಗೆ ಆಹಾರ ವಿಶ್ಲೇಷಕರು ವರದಿ ಕೊಡಬೇಕು ಎನ್ನುತ್ತದೆ ಆ ಕಾಯ್ದೆ. ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದನ್ನು ವಿಶ್ಲೇಷಕರಿಗೆ, ಎರಡನ್ನು ಅಂಕಿತ ಅಧಿಕಾರಿಗೆ, ವ್ಯಾಪಾರಿ ಬಯಸಿದರೆ ನಾಲ್ಕನೆಯದನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಬೇಕು ಎನ್ನುತ್ತದೆ. ಚೆನ್ನಾಗಿಯೇ ಯೋಚಿಸಿ ಬರೆದ ಕಾನೂನು. ರಾಜ್ಯದಲ್ಲಿ ಸರ್ಕಾರಿ ಆಹಾರ ಪ್ರಯೋಗಾಲಯಗಳು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿವೆ. ಬೆಂಗಳೂರಿನದು ಶೇಷಾದ್ರಿ ರಸ್ತೆಯಲ್ಲಿದೆ. ಕಾಡುಗೋಡಿಯ ಗೃಹಿಣಿಯೊಬ್ಬರು ಅನುಮಾನ ಬಂದ ಎಣ್ಣೆಯ ಬಾಟಲಿ ಹಿಡಿದು ಅಲ್ಲಿಯವರೆಗೆ ಹೋಗಬೇಕೇ? 2025ರ ಸೆಪ್ಟೆಂಬರಿನಲ್ಲಿ ಮಹದೇವಪುರ ಮತ್ತು ಕೆ.ಆರ್. ಪುರ ಸೇರಿ ಬೆಂಗಳೂರು ಪೂರ್ವ ನಗರ ಪಾಲಿಕೆಯಾಗಿದೆ. ಹೊಸ ಪಾಲಿಕೆಯ ಕಚೇರಿಯಲ್ಲಿ ಖಾತೆಗೆ, ತೆರಿಗೆಗೆ ಕೌಂಟರುಗಳಿರುವಂತೆ ಆಹಾರ ಮತ್ತು ನೀರಿನ ಮಾದರಿ ತೆಗೆದುಕೊಳ್ಳುವ ಕೌಂಟರೂ ಒಂದಿರಲಿ. ಇಲ್ಲಿನ ಮಾನ್ಯತೆ ಪಡೆದ ಖಾಸಗಿ ಲ್ಯಾಬುಗಳ ಜೊತೆ ಸರ್ಕಾರ ದರ ನಿಗದಿ ಮಾಡಿಕೊಂಡು ಬಡವರ ಮಾದರಿಯ ಖರ್ಚನ್ನು ತಾನೇ ಭರಿಸಲಿ. ಇಷ್ಟು ಮಾದರಿ ಪಾಸು, ಇಷ್ಟು ಫೇಲು ಎಂಬ ಒಟ್ಟು ಲೆಕ್ಕ ಸಾಲದು. ಯಾವ ಅಂಗಡಿ, ಯಾವ ಬ್ರ್ಯಾಂಡು, ಯಾವ ದಿನ, ಎಷ್ಟು ಬಂತು, ಮಿತಿ ಎಷ್ಟು, ಆಮೇಲೆ ಏನು ಕ್ರಮವಾಯಿತು ಎಂಬುದೆಲ್ಲ ಜನರಿಗೆ ಸಿಗಬೇಕು.

ಅಳೆದರೆ ಏನಾಗುತ್ತದೆ, ಎಲ್ಲ ಮೊದಲಿನಂತೆಯೇ ನಡೆಯುತ್ತದೆ ಎಂದು ನಿರಾಶರಾದವರು ಬಾಂಗ್ಲಾದೇಶದ ಕಡೆ ನೋಡಿ. ಅಲ್ಲಿ ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬಣ್ಣ ಬೆರೆಸುವುದು ರೂಢಿಯಾಗಿತ್ತು. 2019ರಲ್ಲಿ ಪರೀಕ್ಷಿಸಿದ ಅರಿಸಿನದಲ್ಲಿ ನೂರಕ್ಕೆ 47 ಮಾದರಿಗಳಲ್ಲಿ ಸೀಸವಿತ್ತು. ಸಂಶೋಧಕರು ಸಾಕ್ಷ್ಯ ಇಟ್ಟರು, ಸರ್ಕಾರ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಹಿಡಿದು ಢಾಕಾದ ಸಗಟು ಮಾರುಕಟ್ಟೆಗೆ ಹೋಯಿತು, ಅಲ್ಲೇ ಅಳೆಯಿತು, ಅಲ್ಲೇ ದಂಡ ಹಾಕಿತು, ಊರೂರಿಗೆ ಎಚ್ಚರಿಕೆಯ ಪತ್ರ ಹಂಚಿತು. 2021ರ ಹೊತ್ತಿಗೆ ಆ 47 ಸೊನ್ನೆಗೆ ಇಳಿದಿತ್ತು. ನಮಗಿಂತ ಶ್ರೀಮಂತ ದೇಶವಲ್ಲ ಅದು. ಕೆ.ಆರ್. ಪುರದ ಸಂತೆಯಲ್ಲಿ ಇದು ಆಗುವುದಿಲ್ಲ ಎನ್ನಲು ಯಾರ ಬಳಿಯೂ ಕಾರಣವಿಲ್ಲ.

ಓದುಗರೇ, ನಿಮ್ಮ ಕೈಯಲ್ಲೂ ಒಂದು ಅಧಿಕಾರವಿದೆ. ಕಾಯ್ದೆಯ 40ನೇ ಕಲಂ ಪ್ರಕಾರ ಆಹಾರ ಕೊಂಡ ಯಾರೇ ಆಗಲಿ, ಪರೀಕ್ಷೆ ಮಾಡಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿ, ಶುಲ್ಕ ಕಟ್ಟಿ, ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ಆಹಾರ ನಿಯಮ ಮೀರಿದೆಯೆಂದು ವರದಿ ಬಂದರೆ ಕಟ್ಟಿದ ಶುಲ್ಕವೂ ವಾಪಸ್ ಬರುತ್ತದೆ. ಒಬ್ಬರೇ ಮಾಡುವುದು ಕಷ್ಟವಾದರೆ ಅಪಾರ್ಟ್‌ಮೆಂಟಿನ ಸಂಘದಲ್ಲಿ, ಬೀದಿಯ ಮಹಿಳಾ ಸಂಘದಲ್ಲಿ, ಪಿ.ಜಿ.ಯ ಗೆಳೆಯರಲ್ಲಿ ಮಾತಾಡಿ ಚಂದಾ ಹಾಕಿ. ಈ ತಿಂಗಳು ನಿಮ್ಮ ಟ್ಯಾಂಕರ್ ನೀರು, ಬರುವ ತಿಂಗಳು ದಿನಾ ಕೊಳ್ಳುವ ಸೊಪ್ಪು, ಅದರ ಮುಂದಿನ ತಿಂಗಳು ಮಕ್ಕಳ ಶಾಲೆಯ ಕ್ಯಾಂಟೀನಿನ ಎಣ್ಣೆ. ಮಾನ್ಯತೆ ಇರುವ ಲ್ಯಾಬಿಗೇ ಕೊಡಿ, ವರದಿ ಬಂದ ಮೇಲೆ ಗೇಟಿನ ಬಳಿ ಎಲ್ಲರೂ ಓದುವಂತೆ ಅಂಟಿಸಿ, ಕೆಟ್ಟದ್ದು ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಮೊದಲ ಮಾದರಿಯನ್ನು ಈ ವಾರವೇ ಕೊಡಿ.